ಅತ್ತೆಯ ಫೋಟೋ ಕೆಳಗಿನ ದಾನದ ಫಾರ್ಮು

ಮಹಾರಾಷ್ಟ್ರದ ಗಡಿಯೂರು ಮುರುಮದಲ್ಲಿರುವ ನಮ್ಮ ದಾಸೋಹಕ್ಕೆ ವೆಬ್‌ಸೈಟ್ ಮಾಡಿದವಳು ನಾನು. 'ನನ್ನ ಹೆಂಡತಿ ಕಂಪ್ಯೂಟರ್ ಕಲಿತವಳು' ಎಂದು ಗಂಡ ಊರೆಲ್ಲ ಹೇಳಿಕೊಂಡು ತಿರುಗಿದ್ದರ ಫಲ ಅದು. ಕಲಿತದ್ದು ಬರೀ ಟೈಪಿಂಗು. ಆದರೂ ಕೆಲಸ ಕಷ್ಟವಿರಲಿಲ್ಲ. ಪರದೆಯ ಎಡಗಡೆ ಡಬ್ಬಿಗಳ ಸಾಲು ಇರುತ್ತದೆ: ತಲೆಬರಹ, ಫೋಟೋ, ಬಟನ್, ಫಾರ್ಮು. ಬೇಕಾದ್ದನ್ನು ಮೌಸಿನಿಂದ ಎಳೆದು ಪುಟದ ಮೇಲೆ ಬಿಟ್ಟರೆ ಅಲ್ಲೇ ಕೂರುತ್ತದೆ. ರೊಟ್ಟಿ ಬಡಿಯುವುದಕ್ಕಿಂತ ಸುಲಭ.

ದಾಸೋಹ ಶುರು ಮಾಡಿದವರು ಅತ್ತೆ. ತೊಂಬತ್ತಮೂರರ ಭೂಕಂಪದಲ್ಲಿ ಮನೆ ಕಳೆದುಕೊಂಡ ಸುತ್ತಲಿನ ಹಳ್ಳಿಗಳ ಜನ ಊರಿಗೆ ಬಂದಾಗ ನಮ್ಮ ಕಾಳಿನ ಅಂಗಡಿಯ ಮುಂದೆ ಒಲೆ ಹೂಡಿದ್ದರು. ಆ ಒಲೆ ಆರಲಿಲ್ಲ. ಮಧ್ಯಾಹ್ನ ಹಸಿದು ಬಂದವರಿಗೆ ಈಗಲೂ ಅಲ್ಲಿ ಊಟವಿದೆ. ಅದಕ್ಕೆ ಬೇಕಾದ ಜೋಳವನ್ನು ಅತ್ತೆ ಪ್ರತಿ ಸೋಮವಾರ ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ತರುತ್ತಿದ್ದರು. ಮನೆಗೊಂದು ಹಿಡಿ. ಹೆಚ್ಚು ಕೊಟ್ಟವರಿಗೆ ಬೈಗುಳ.

ಹೋದ ವರ್ಷ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡರು. ಉಮರಗಾದಲ್ಲಿ ಆಪರೇಷನ್ ಆಯಿತು. ವಾಕರ್ ಹಿಡಿದು ದಿನಾ ಮನೆಯೊಳಗೆ ನಡೆಯಬೇಕು, ಇಲ್ಲವಾದರೆ ಕಾಲು ಬಿಗಿದು ಹಾಸಿಗೆಯೇ ಗತಿ ಎಂದು ಡಾಕ್ಟರು ಎಚ್ಚರಿಸಿದರು. ಅತ್ತೆ ಏಳಲೊಲ್ಲರು.

"ಇನ್ನ ಓಣಿ ಓಣಿ ತಿರುಗೂದು ಆಗೂದಿಲ್ಲಂತ. ಮತ್ತ ಎದ್ದು ಎಲ್ಲಿಗಿ ಹೋಗ್ಲಿ?" ಎಂದು ಗೋಡೆಗೆ ಮುಖ ಮಾಡಿ ಮಲಗಿದರು. ನಾನು ರಮಿಸಿದೆ, ಬೈದೆ, ವಾಕರನ್ನು ಮಂಚಕ್ಕೆ ಆನಿಸಿಟ್ಟು ಮಾತು ಬಿಟ್ಟೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಇವರು ಹಾಸಿಗೆ ಹಿಡಿದೇ ಬಿಡುತ್ತಾರೆ ಎಂದು ನನಗೆ ನಿಜಕ್ಕೂ ಭಯವಾಗಿತ್ತು.

ಜೋಳಿಗೆ ಗೂಟಕ್ಕೆ ಬಿದ್ದ ಮೇಲೆ, ದಾನವನ್ನು ವೆಬ್‌ಸೈಟಿನಲ್ಲೇ ಕೇಳೋಣ ಎಂದು ಗಂಡ ಹೇಳಿದ. ಫಾರ್ಮಿನ ಡಬ್ಬಿ ಎಳೆದು ಬಿಟ್ಟೆ. ಹೆಸರು, ಊರು, ಫೋನು, ಕೊಡುವುದು ಜೋಳವೋ ಬೇಳೆಯೋ ರೊಕ್ಕವೋ ಎಂಬ ಖಾನೆಗಳು. ಫಾರ್ಮೊಂದೇ ಬೋಳುಬೋಳಾಗಿ ಕಂಡಿತು. ಅದರ ಮೇಲೆ ಅತ್ತೆಯ ಫೋಟೋ ಬಿಟ್ಟೆ. ನಾನು ಆರಿಸಿದ್ದ ಮಾದರಿಯಲ್ಲಿ ಫೋಟೋ ತಾನಾಗಿ ದುಂಡಗಾಗಿ, ಕಪ್ಪುಬಿಳುಪಾಗಿ, ಸುತ್ತ ಹೂಬಳ್ಳಿ ಹಾಕಿಕೊಂಡು ಕೂತಿತು. ಚಂದ ಕಂಡಿತು. 'ಅವ್ವನ ಹೆಸರಿನಲ್ಲಿ ಒಂದು ಹಿಡಿ' ಎಂದು ಕೆಳಗೆ ಬರೆದೆ, ಮರಾಠಿಯಲ್ಲೂ ಬರೆದೆ. ಬೆಳಿಗ್ಗೆ ಗಂಡ ಅದನ್ನು ಬಂಧುಬಳಗದ, ಓಣಿಯ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿ ಅಂಗಡಿಗೆ ಹೋದ.

ನಮ್ಮ ಕಡೆ ಕಪ್ಪುಬಿಳುಪು ಫೋಟೋ, ಸುತ್ತ ಹೂವು, ಕೆಳಗೆ ಇವರ ಹೆಸರಿನಲ್ಲಿ ದಾಸೋಹ ಎಂದರೆ ಒಂದೇ ಅರ್ಥ. ಚೌಕಿನಲ್ಲಿ ಕಟ್ಟುವ ಶ್ರದ್ಧಾಂಜಲಿಯ ಬ್ಯಾನರು ಹಾಗೆಯೇ ಇರುತ್ತದೆ. ನನಗಿದು ಹೊಳೆದದ್ದು ನಿಲಂಗಾದಿಂದ ನಾದಿನಿ ಫೋನು ಮಾಡಿ ಬೋರಾಡಿ ಅತ್ತಾಗ. "ಹಡದ ಮಗಳಿಗೂ ಹೇಳ್ಲಿಲ್ಲೇನ ವೈನಿ?" ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಉದಗೀರದ ಬೀಗರ ಫೋನು ಬಂತು.

ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಓಣಿಯವರೇ ರೊಟ್ಟಿ ತರುತ್ತಾರೆ. ಹೊತ್ತು ಏರುವುದರೊಳಗೆ ಹೆಂಗಸರು ಅರಿವೆಯಲ್ಲಿ ರೊಟ್ಟಿ ಕಟ್ಟಿಕೊಂಡು, ಕಡಲೆಹಿಟ್ಟಿನ ಝುಣಕದ ಡಬ್ಬಿ ಹಿಡಿದು, ಕಣ್ಣೊರೆಸುತ್ತ ಬಾಗಿಲಿಗೆ ಬಂದರು. "ಸತ್ತಿಲ್ರೀ, ಛಲೋ ಅದಾರ!" ಎಂದು ನಾನು ಬಡಕೊಂಡರೂ ಯಾರೂ ನಂಬಲಿಲ್ಲ. ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡು ಒಬ್ಬಾಕೆ ನನ್ನ ಬೆನ್ನು ಸವರಿದಳು.

ಒಳಗಿನಿಂದ ಅತ್ತೆಯ ದನಿ ಬಂತು. "ಯಾರ ಸತ್ತಾರ?"

"ನೀವ ಸತ್ತೀರಂತ್ರಿ!" ಎಂದು ಕೂಗಿದೆ. ಸಿಟ್ಟು ನೆತ್ತಿಗೇರಿತ್ತು.

ವಾಕರ್ ನೆಲಕ್ಕೆ ಬಡಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅತ್ತೆ ಹೊಸ್ತಿಲಿಗೆ ಬಂದು ನಿಂತರು. "ಅಗ ಬಾಯೀ! ಜೀವಂತ ಅದಾರಲ್ಲ!" ಎಂದು ಬೆನ್ನು ಸವರಿದಾಕೆ ನನ್ನನ್ನೇ ದುರುಗುಟ್ಟಿ ನೋಡಿದಳು. ಉಳಿದವರು ನಕ್ಕರು, ಮತ್ತೆ ಅತ್ತರು. ನನಗೂ ಅಳು ಬಂತು. ಎದ್ದರಲ್ಲ, ಅಷ್ಟು ಸಾಕಾಗಿತ್ತು.

ರಾಶಿ ಬಿದ್ದ ರೊಟ್ಟಿ ಏನು ಮಾಡುವುದು? ಸಾವಿನ ಮನೆಗೆ ತಂದದ್ದನ್ನು ವಾಪಸು ಒಯ್ಯಬಾರದು ಎಂದು ಯಾರೋ ಗೊಣಗಿದರು.

"ಸತ್ತೇ ಇಲ್ಲ, ಸಾವಿನ ಮನಿ ಹ್ಯಾಂಗಾಯ್ತು? ದಾಸೋಹಕ್ಕ ಒಯ್ರಿ. ಇವತ್ತ ಅಲ್ಲಿ ರೊಟ್ಟಿ ಬಡಿಯೂದು ಬ್ಯಾಡ," ಎಂದರು ಅತ್ತೆ.

ಎಲ್ಲರೂ ಹೋದ ಮೇಲೆ ಫೋಟೋ ತೆಗೆಯೋಣವೆಂದು ಲ್ಯಾಪ್‌ಟಾಪ್ ಮುಂದೆ ಕೂತೆ. ಅತ್ತೆ ಇನ್ನೂ ವಾಕರ್ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಹಿಂದಿನ ಓಣ್ಯಾಗ ಜಂಪರ ಹೊಲಿಯುವಾಕಿ ಬಂದಿದ್ಲೇನ?"

ಒಬ್ಬಳೇ ಇರುವ ಮುದುಕಿ ಅವಳು. ಬಂದವರಲ್ಲಿ ನಾನು ಕಂಡಿರಲಿಲ್ಲ. "ಕೆಲಸ ಇರಬೇಕ್ರೀ," ಎಂದೆ.

"ನಾ ಸತ್ತೀನಂದ್ರೂ ಬರ್ಲಿಲ್ಲಂದ್ರ ಆಕಿ ಏಳಲಾರದಂಗ ಬಿದ್ದಿರಬೇಕು. ಅದನ್ನ ಮುಚ್ಚು. ನನ್ನ ಚಪ್ಪಲಿ ಎಲ್ಲಿಟ್ಟೀದಿ?"