ಸಪ್ಪೊರೊದ ಮರಳು ಪೆಟ್ಟಿಗೆ

ಉತ್ತರ ಜಪಾನಿನ ಸಪ್ಪೊರೊದಲ್ಲಿ ಚಳಿಗಾಲದಲ್ಲಿ ರಸ್ತೆ ದಾಟುವ ಜಾಗದಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಒಳಗೆ ಮರಳಿನ ಪೊಟ್ಟಣಗಳು. ಹಿಮ ಗಾಜಿನಂತೆ ಗಟ್ಟಿಯಾದಾಗ ಕಾಲು ಜಾರದಂತೆ ಯಾರು ಬೇಕಾದರೂ ತೆಗೆದು ಚೆಲ್ಲಬಹುದು.

ಹಿಮ ಅಪರೂಪವಾದ ತ್ಸುಕುಬಾದಿಂದ ಬಂದ ನಾನು ಒಂದು ಪೊಟ್ಟಣ ಬಿಚ್ಚಿ, ಅರ್ಧ ರಸ್ತೆಯವರೆಗೆ ನನ್ನ ಬೂಟಿನಗಲ ಮಾತ್ರ ಚೆಲ್ಲಿಕೊಂಡು ದಾಟಿದೆ. ಉಳಿದದ್ದನ್ನು ಮುಂದಿನ ತಿರುವಿಗೆಂದು ಜೇಬಿಗಿಟ್ಟೆ.

"ಜೇಬಿಗ್ಯಾಕೆ ಸರ್? ನೆಕ್ಸ್ಟ್ ಕ್ರಾಸಿಂಗಲ್ಲೂ ಬಾಕ್ಸ್ ಇರುತ್ತೆ. ಇದು ಹಿಂದೆ ಬರೋರಿಗೆ," ಎಂದಳು ಜೊತೆಗಿದ್ದ ಸುಮಾ; ಇಲ್ಲೇ ಪಿಎಚ್‌ಡಿ ಮಾಡುತ್ತಿರುವವಳು.

ತಿರುಗಿ ನೋಡಿದೆ. ನನ್ನ ಮರಳಿನ ಗೆರೆಯ ಮೇಲೇ ಹೆಜ್ಜೆಯಿಡುತ್ತ ಬಂದ ಅಜ್ಜಿಯೊಬ್ಬರು, ಗೆರೆ ಮುಗಿದಲ್ಲಿ, ನಡುರಸ್ತೆಯಲ್ಲಿ ನಿಂತುಬಿಟ್ಟಿದ್ದರು. ಜಾರುತ್ತಲೇ ಹೋಗಿ ಜೇಬಿನಲ್ಲಿದ್ದ ಮರಳನ್ನೆಲ್ಲ ಅವರ ಮುಂದೆ ಸುರಿದೆ.

ತಪ್ಪಾಯಿತು ಎನ್ನಲು ನಾನು ಬಾಯಿ ತೆರೆಯುವ ಮೊದಲೇ ಅವರೇ "ಸುಮಿಮಾಸೆನ್" ಎಂದು ಕ್ಷಮೆ ಕೇಳಿದರು.