ಉಡುದಾರದ ಗಂಟು

ಗುಂಡಗುರ್ತಿಯ ರೇವಣಪ್ಪನಿಗೆ ಒಂದು ಕಡೆ ಕೂತು ಗೊತ್ತಿರಲಿಲ್ಲ. ಆದರೆ ನಿಜಾಮರ ರೈಲು ಬಂಬಯಿ ರೈಲನ್ನು ಕೂಡುವ ವಾಡಿ ಸ್ಟೇಷನ್ನಿನ ಮಾಲಗೋದಾಮಿನಲ್ಲಿ ಅವನಿಗೆ ಸಿಕ್ಕಿದ್ದು ಕೂತು ಮಾಡುವ ಕೆಲಸವೇ. ಕಾಟಾದ ಮೇಲೆ ಮೂಟೆ ಇಡಿಸಿ ತೂಕ ಕೂಗಬೇಕು. ಚಡಪಡಿಕೆ ತಾಳದೆ ಬಾಯಿಗೆ ಕೆಲಸ ಕೊಟ್ಟ. ಭಜಿ, ಚಹಾ, ಮತ್ತೆ ಭಜಿ. ಕೆಲವೇ ವರ್ಷಗಳಲ್ಲಿ ಹೊಟ್ಟೆ ಅವನಿಗಿಂತ ಮುಂಚೆ ಬಾಗಿಲು ದಾಟತೊಡಗಿತು.

ಊರಿನ ನಂದಿಕೋಲು ಹೊರುವುದು ಅವನ ಮನೆತನದ ಹಕ್ಕು. ನಡುವಿಗೆ ಕಟ್ಟಿದ ಚರ್ಮದ ಪಟ್ಟಿಯಲ್ಲಿ ಆ ಎತ್ತರದ ಕೋಲಿನ ಬುಡ ಊರಿ, ಶ್ರಾವಣದ ಮೆರವಣಿಗೆಯಲ್ಲಿ ಗುಡಿಯವರೆಗೆ ಒಬ್ಬನೇ ಕುಣಿಯುತ್ತ ನಡೆಯಬೇಕು. ಆ ವರ್ಷ ಹೊಟ್ಟೆ ಅಡ್ಡ ಬಂದು ಕೋಲು ಮುಂದಕ್ಕೆ ವಾಲಿತು. ದೊಡ್ಡಪ್ಪನ ಮಗ ಬಸವಂತರಾಯ ಓಡಿಬಂದು ಹಿಡಿಯದಿದ್ದರೆ ನೆಲಕ್ಕೆ ಬೀಳುತ್ತಿತ್ತು.

"ತಮ್ಮಾ, ನಂದಿಕೋಲ ಹೊರತೀಯೋ, ಹೊಟ್ಟಿ ಹೊರತೀಯೋ? ಒಂದು ಹೇಳು" ಎಂದ ಬಸವಂತರಾಯ.

ಹಿರಿಯರು ನಗಲಿಲ್ಲ. ಮುಂದಿನ ಶ್ರಾವಣದಲ್ಲಿ ಮತ್ತೆ ವಾಲಿದರೆ ಹಕ್ಕು ಬಸವಂತರಾಯನ ಮನೆಗೆ ಎಂದರು.

ವಾಡಿಗೆ ಮರಳಿದವನೇ ರೇವಣಪ್ಪ ಸೋಮವಾರದ ಉಪವಾಸವನ್ನು ವಾರಕ್ಕೆಲ್ಲ ಹಬ್ಬಿಸಿದ. ಶಿವನೂ ಮೆಚ್ಚಬೇಕು, ಹೊಟ್ಟೆಯೂ ಇಳಿಯಬೇಕು. ಮೂಟೆ ಇಳಿದ ಕೂಡಲೆ ತಾನೇ ಕಾಟಾ ಹತ್ತಿ ನಿಲ್ಲುತ್ತಿದ್ದ.

"ಅಣ್ಣಾ, ನಿಮ್ಮನ್ನ ಯಾವ ಊರಿಗಿ ಕಳಸಬೇಕ್ರಿ?" ಎಂದು ಹಮಾಲ ಮಶಾಕ ಕೇಳುತ್ತಿದ್ದ.

ತೂಕ ಇಳಿಯಿತು. ದೀಪಾವಳಿಗೆ ಊರಿಗೆ ಹೋದಾಗ ಹಿಗ್ಗಿನಿಂದ ಗರಡಿಯ ಗುಂಡುಗಲ್ಲಿಗೆ ಕೈ ಹಾಕಿದ. ಹೊಟ್ಟೆ ಹೊತ್ತಾಗಲೂ ಹೆಗಲಿಗೆ ಬರುತ್ತಿದ್ದ ಕಲ್ಲು ಮೊಣಕಾಲಿಗೆ ಬಂದು ಜಾರಿತು.

ಹೆಂಡತಿ ಸೂಗಮ್ಮ ಅವನ ತೋಳು ಒತ್ತಿ ನೋಡಿದಳು. "ಮೇವು ಹಾಕಲಾರದ ಎತ್ತು ಗಳೇ ಎಳೀತದೇನ್ರಿ? ಹೊಟ್ಟಿಗಿಂತ ಮೊದಲ ತೋಳೇ ಕರಗ್ಯಾವ."

ಅಂದಿನಿಂದ ಭಜಿ ದೂರವೇ ಉಳಿಯಿತು, ಊಟ ಮರಳಿತು. ಹೊಟ್ಟೆ ಬಿರಿಯುವಷ್ಟಲ್ಲ, ಇನ್ನೊಂದು ರೊಟ್ಟಿ ಬೇಕೆನಿಸುವಾಗಲೇ ಕೈ ತೊಳೆಯುವಷ್ಟು. ರೊಟ್ಟಿ ಕಡಿಮೆ, ಹೆಸರುಕಾಳು, ಪುಂಡಿಪಲ್ಯ, ಮಜ್ಜಿಗೆ ಹೆಚ್ಚು. ಗೋದಾಮಿನಲ್ಲಿ ತೂಕ ಕೂಗಿ, ತಾನೂ ಮಶಾಕನ ಜೊತೆ ಮೂಟೆಗೆ ಹೆಗಲು ಕೊಟ್ಟ.

ಆದರೆ ಕಾಟಾ ಅಲುಗಲೊಲ್ಲದು. ಸಂಕ್ರಾಂತಿ ಹೋಯಿತು, ಯುಗಾದಿ ಬಂತು. ರೇವಣಪ್ಪ ಹತ್ತುತ್ತಿದ್ದ, ಇಳಿಯುತ್ತಿದ್ದ, ಮತ್ತೆ ಹತ್ತುತ್ತಿದ್ದ.

"ನಾಳಿಂದ ಮತ್ತ ಉಪವಾಸ. ಶ್ರಾವಣ ತಲಿ ಮ್ಯಾಲ ಬಂದದ" ಎಂದು ಮನೆಯೊಳಗೆ ಅತ್ತಿಂದಿತ್ತ ತಿರುಗಿದ.

"ಜರಾ ನಿಂದರ್ರಿ." ಸೂಗಮ್ಮ ಅವನ ಅಂಗಿ ಎತ್ತಿ ಉಡುದಾರದೊಳಗೆ ಬೆರಳು ತೂರಿಸಿದಳು. ಚರ್ಮಕ್ಕೆ ಕಚ್ಚಿಕೊಂಡಿರುತ್ತಿದ್ದ ದಾರದೊಳಗೆ ಈಗ ಅವಳ ಇಡೀ ಅಂಗೈ ಹಿಡಿಸಿತು. ಗಂಟು ಬಿಚ್ಚಿ, ಒಳಗೆ ಸರಿಸಿ ಕಟ್ಟಿದಳು. "ಕೊಬ್ಬು ಹೋಗಿ ಕಸುವು ಬಂದದ್ದು ಕಾಟಾಕ್ಕೇನು ಗೊತ್ತಾಗತದ್ರಿ?"

ಅವನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಆದರೂ ಉಂಡ.

ಶ್ರಾವಣ ಬಂತು. ಪಟ್ಟಿ ನಡುವಿಗೆ ಗಟ್ಟಿಯಾಗಿ ಕೂತಿತು. ನಂದಿಕೋಲು ನೆಟ್ಟಗೆ ನಿಂತಿತು. ಈಗ ಬೀಳುತ್ತದೆ, ಆಗ ಬೀಳುತ್ತದೆ ಎಂದು ಬಸವಂತರಾಯ ಎರಡೂ ಕೈ ಚಾಚಿಕೊಂಡು ಗುಡಿಯವರೆಗೂ ಪಕ್ಕದಲ್ಲೇ ನಡೆದ.

"ತಮ್ಮಾ, ಇನ್ನ ಇಳಸು. ನನ್ನ ಕೈ ನೋಯಾಕತ್ತಾವ" ಎಂದ ಕೊನೆಗೆ.

ನಿಂತು ಗೊತ್ತಿಲ್ಲದ ರೇವಣಪ್ಪ ಗುಡಿಗೆ ಇನ್ನೊಂದು ಸುತ್ತು ಹೊರಟಿದ್ದ.