ಬೆಣೆಯ ಎರಡು ತಟ್ಟು

ಎವುದೋರೋ ಕಾಲೆರೋನ ಎರಡೂ ಕೈಗಳಲ್ಲಿ ಬೆರಳುಗಳು ಪೂರ್ತಿ ಇವೆ. ಜೀವನವಿಡೀ ಸೀಳುಗರಗಸದ ಮುಂದೆ ನಿಂತವನಿಗೆ ಮಸಾತೆಪೆಯಲ್ಲಿ ಇದು ಸಣ್ಣ ಮಾತಲ್ಲ. ತೂಗುಕುರ್ಚಿ ಮಾಡುವ ಈ ಊರಿನಲ್ಲಿ ಅರ್ಧ ಬೆರಳಿನಿಂದ ಚಮಚ ಹಿಡಿಯುವವರನ್ನು ಯಾರೂ ತಿರುಗಿ ನೋಡುವುದಿಲ್ಲ.

ಬ್ಲೇಡಿನ ನೇರಕ್ಕೆ ಅವನು ಎಂದೂ ನಿಂತವನಲ್ಲ. ಒಂದು ಹೆಜ್ಜೆ ಎಡಕ್ಕೆ. ಹಲಗೆಯ ಕೊನೆಯ ಗೇಣನ್ನು ಕೈಯಿಂದಲ್ಲ, ಕೋಲಿನಿಂದ ತಳ್ಳುತ್ತಿದ್ದ. ಅಡ್ಡ ಕೊಯ್ಯುವ ಸಣ್ಣ ಹಲ್ಲಿನ ಬ್ಲೇಡನ್ನೇ ಇಟ್ಟು ಯಾರಾದರೂ ಉದ್ದಕ್ಕೆ ಸೀಳಲು ಹೊರಟರೆ ಮೋಟಾರು ಆರಿಸಿಬಿಡುತ್ತಿದ್ದ. "ಚಾಕು ತಗೊಂಡು ಉಳಿ ಕೆಲ್ಸ ಮಾಡ್ತೀಯೇನಯ್ಯಾ? ಮರ ಬಿಸಿಯಾಗುತ್ತೆ, ಕಚ್ಚುತ್ತೆ, ಆಮೇಲೆ ನಿನ್ನನ್ನೇ ಹುಡುಕ್ಕೊಂಡು ಬರುತ್ತೆ."

ಉಳಿದದ್ದನ್ನು ಕಿವಿ ನೋಡಿಕೊಳ್ಳುತ್ತಿತ್ತು. ಸೀಳು ಮುಚ್ಚಿ ಬ್ಲೇಡನ್ನು ಹಿಡಿಯುವ ಮೊದಲು ಗರಗಸದ ದನಿ ದಪ್ಪವಾಗುತ್ತದೆ. ಆ ದನಿಗೆ ಅವನ ಕೈ ತಾನಾಗಿ ನಿಲ್ಲುತ್ತಿತ್ತು.

ಮಾಲೀಕರಾದ ದೊನ್ ಲಿಸಿಮಾಕೋ ಅವರ ಅಂಗಡಿಯ ಗರಗಸ ಊರಿನ ಬೆಸುಗೆಯವನು ಮಾಡಿದ್ದು. ಕಾರ್ಖಾನೆಯ ಯಂತ್ರದಲ್ಲಿ ಬ್ಲೇಡಿನ ಹಿಂದೆ ಸೀಳನ್ನು ಬಿಡಿಸಿ ಹಿಡಿಯುವ ಒಂದು ತಗಡು ಇರುತ್ತದೆ. ಇಲ್ಲಿ ಆ ತಗಡಿನ ಕೆಲಸಕ್ಕೆ ಮನುಷ್ಯರು. ಹಿಂದೆ ನಿಂತು ಹಲಗೆ ಹಿಡಿದು, ಸೀಳಿಗೆ ಮರದ ಬೆಣೆ ತೂರಿಸುತ್ತಿದ್ದವಳು ತೊಮಾಸಾ. ಅವಳ ಮಗನಿಗೆ ಜ್ಞಾನಸ್ನಾನದ ದಿನ ಎವುದೋರೋ ಧರ್ಮಪಿತನಾಗಿ ನಿಂತವನು. ಅಂದಿನಿಂದ ಅವಳಿಗೆ ಅವನು 'ಕೊಂಪಾದ್ರೆ', ಅವನಿಗೆ ಅವಳು 'ಕೊಮಾದ್ರೆ'.

ಪ್ರತಿ ಹಲಗೆಗೂ ಮೊದಲು ಅವಳು "ಆಯ್ತಾ?" ಎಂದು ಕೂಗಬೇಕು, ಅವನು "ಹೂಂ" ಎನ್ನಬೇಕು. ಅವನ "ಹೂಂ" ತನ್ನ ಪ್ರಶ್ನೆಗಿಂತ ಮೊದಲೇ ಬರುತ್ತಿದೆ ಎಂದು ತೊಮಾಸಾ ಗಮನಿಸಿದ್ದು ಮಳೆಗಾಲದ ಶುರುವಿನಲ್ಲಿ. ಒಂದು ಬೆಳಿಗ್ಗೆ ಅವಳು ಬೇಕೆಂದೇ ಕೂಗಲಿಲ್ಲ. ಆದರೂ "ಹೂಂ" ಬಂತು.

"ಕೊಂಪಾದ್ರೆ, ಎಷ್ಟು ದಿನ ಆಯ್ತು ಕಿವಿ ಹೋಗಿ?"

ಅವನು ಅವಳ ತುಟಿ ನೋಡಿದ. "ಮೆತ್ತಗೆ ಹೇಳಿ. ಗರಗಸ ಬಿಟ್ರೆ ನಾನೇನು ಮಾಡ್ಲಿ, ಬೀದೀಲಿ ತಮುಗಾ ಮಾರ್ಲಾ?"

"ನೀವು ಕಟ್ಟಿದ ಎಲೆ ಪೊಟ್ಣ ಯಾರು ತಗೋತಾರೆ? ಅನ್ನಕ್ಕಿಂತ ಮರದ ಹೊಟ್ಟೇ ಜಾಸ್ತಿ ಇರುತ್ತೆ."

ಅವಳು ಯಾರಿಗೂ ಹೇಳಲಿಲ್ಲ. ಬದಲಿಗೆ ಬೆಣೆಯಿಂದ ಹಲಗೆಯನ್ನೇ ತಟ್ಟತೊಡಗಿದಳು: ಒಂದು ತಟ್ಟಿದರೆ ತಳ್ಳು, ಎರಡು ತಟ್ಟಿದರೆ ನಿಲ್ಲು. ಮರದ ಉದ್ದಕ್ಕೂ ಸಾಗಿ ಆ ತಟ್ಟು ಅವನ ಬರಿಯ ಅಂಗೈಗೆ ಮುಟ್ಟುತ್ತಿತ್ತು. ಮಳೆಗಾಲ ಹಾಗೇ ಕಳೆಯಿತು.

ಆಮೇಲೆ ರಾಜಧಾನಿ ಮನಾಗುವಾದಿಂದ ಕುರ್ಚಿ ಖರೀದಿದಾರರೊಬ್ಬರು ಬಂದರು. ಬರಿಗೈಯಲ್ಲಿ ಕೆಲಸ ಮಾಡುವವರನ್ನು ಕಂಡು ಮುಖ ಸಿಂಡರಿಸಿದರು. ಮಾರನೆಯ ದಿನವೇ ದೊನ್ ಲಿಸಿಮಾಕೋ ಎಲ್ಲರಿಗೂ ದಪ್ಪ ಚರ್ಮದ ಕೈಗವಸು ತಂದರು. ತಿರುಗುವ ಬ್ಲೇಡಿನ ಬಳಿ ಕೈಗವಸು ಕೂಡದೆಂದು ಎವುದೋರೋಗೆ ಗೊತ್ತು. ಹಲ್ಲಿಗೆ ಚರ್ಮ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಹಿಂದಿನ ಎವುದೋರೋ ಆಗಿದ್ದರೆ ಅದನ್ನು ಒಲೆಗೆ ಹಾಕುತ್ತಿದ್ದ. ಈಗ ಮಾತು ಬೆಳೆದರೆ ತನ್ನ ಕಿವಿ ಬಯಲಾದೀತೆಂಬ ಭಯ. ಹಾಕಿಕೊಂಡ. ಅವನು ಹಾಕಿಕೊಂಡನೆಂದು ತೊಮಾಸಾಳೂ ಹಾಕಿಕೊಂಡಳು.

ಅಂದಿನ ಹಲಗೆ ಗ್ವಾನಾಕಾಸ್ತೆ ಮರದ್ದು, ಒಳಗೆ ಇನ್ನೂ ಹಸಿ. ನಡುವಿಗೆ ಬರುವಷ್ಟರಲ್ಲಿ ಸೀಳು ಮುಚ್ಚತೊಡಗಿತು. ಬೆಣೆ ಇಳಿಯಲಿಲ್ಲ. ತೊಮಾಸಾ ಎರಡು ಬಾರಿ ತಟ್ಟಿದಳು. ಹಲಗೆ ಮುಂದಕ್ಕೇ ಬರುತ್ತಿತ್ತು. "ನಿಲ್ಸಿ!" ಎಂದು ಕಿರುಚಿದಳು.

"ಹೂಂ," ಎಂದ ಎವುದೋರೋ.

ಬ್ಲೇಡು ಹಲಗೆಯನ್ನು ಎತ್ತಿ ಅವನತ್ತ ಎಸೆಯಿತು. ಅವನು ನಿಂತದ್ದು ಎಡಕ್ಕೆ. ಅದು ಅವನ ಸೊಂಟದ ಪಕ್ಕದಿಂದ ಹಾದು, ಒಟ್ಟಿದ್ದ ಕುರ್ಚಿಗಳ ಮೇಲೆ ಬಿತ್ತು. ಹಲಗೆಯೊಂದಿಗೆ ತೊಮಾಸಾಳ ಕೈಯೂ ಬ್ಲೇಡಿನತ್ತ ಜಾರಿತ್ತು. ಕೈಗವಸು ಗಂಡಸರ ಅಳತೆಯದು, ತುದಿ ಖಾಲಿ. ಆ ತುದಿ ಹರಿದುಹೋಗಿತ್ತು. ಉಗುರಿನ ಪಕ್ಕದಲ್ಲಿ ರಕ್ತ; ಬೆರಳು ಉಳಿದಿತ್ತು.

ದೊನ್ ಲಿಸಿಮಾಕೋ ಓಡಿ ಬಂದು, ಹರಿದ ಕೈಗವಸನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ನೋಡ್ರಪ್ಪಾ! ಇದಿಲ್ದಿದ್ರೆ ಬೆರಳು ಎಲ್ಲಿರ್ತಿತ್ತು? ಇನ್ಮೇಲೆ ಇದಿಲ್ದೆ ಯಾರೂ ಗರಗಸ ಮುಟ್ಟಂಗಿಲ್ಲ."

ತೊಮಾಸಾ ನೆಲ ನೋಡುತ್ತಿದ್ದಳು. ಎವುದೋರೋ ತನ್ನ ಕೈಗವಸುಗಳನ್ನು ಕಳಚಿ ಮೇಜಿನ ಮೇಲಿಟ್ಟ.

"ಏನಂದ್ರಿ ನೀವು?"

"ಕಿವುಡೇನಯ್ಯಾ? ಇದನ್ನ ಹಾಕ್ಕೋ ಅಂದೆ!"

"ಹೌದು ದೊನ್, ಕಿವುಡು. ಕೊಮಾದ್ರೆ ಮರ ತಟ್ಟಿ ನನಗೆ ಹೇಳ್ತಿದ್ರು. ಈ ಚರ್ಮ ಅದನ್ನ ನುಂಗ್ಹಾಕ್ತು. ಬೆರಳು ಉಳಿಸಿದ್ದು ಇದಲ್ಲ, ಹೆಚ್ಚುಕಮ್ಮಿ ತೆಗೆದಿದ್ದೇ ಇದು. ಇದು, ಮತ್ತೆ ನಾನು."

ದೊನ್ ಲಿಸಿಮಾಕೋ ಕೈಗವಸನ್ನು ಜೇಬಿಗೆ ತುರುಕಿದರು. ಸೋಮವಾರದಿಂದ ಅವನು ಗರಗಸದ ಮುಂದೆ ನಿಲ್ಲಬಾರದೆಂದರು. ಎವುದೋರೋ ಗರಗಸದ ಹಿಂದೆ ಬೆಣೆ ಹಾಕುವ ಜಾಗ ಕೇಳಿದ. ಬೆಣೆ ಹಾಕುವವನು ಸೀಳನ್ನು ನೋಡಬೇಕು, ಕೇಳಬೇಕಿಲ್ಲ. ತನ್ನ ಕಣ್ಣು ಚೆನ್ನಾಗಿದೆ ಎಂದ.

"ಮುಂದೆ ಯಾರು ನಿಲ್ತಾರೆ?" ಎಂದರು ಮಾಲೀಕರು.

ಅವನು ತೊಮಾಸಾಳನ್ನು ನೋಡಿದ. ಅವಳು ಬಟ್ಟೆ ಸುತ್ತಿದ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಟ್ಟುಕೊಂಡಳು. ಒಪ್ಪಿಕೊಂಡದ್ದು ಗಾಯ ಮಾಗಿದ ಮೇಲೆ, ಅದೂ ಅರೆಮನಸ್ಸಿನಿಂದ.

ಮೊದಲ ದಿನ ಅವಳು ಬರಿಗೈಯಲ್ಲಿ, ಒಂದು ಹೆಜ್ಜೆ ಎಡಕ್ಕೆ ನಿಂತಳು. ಮೋಟಾರು ಶುರುವಾಯಿತು. ಅವಳು ಇನ್ನೂ ಬಾಯಿ ತೆರೆದಿರಲಿಲ್ಲ.

"ಹೂಂ," ಎಂದ ಎವುದೋರೋ, ಹಿಂದಿನಿಂದ.

ಅವಳು ಮೋಟಾರು ಆರಿಸಿ, ಮೇಜು ಸುತ್ತಿ ಅವನ ಬಳಿ ಬಂದಳು. "ಕೊಂಪಾದ್ರೆ, ನಾನಿನ್ನೂ ಏನೂ ಕೇಳಿಲ್ಲ. ಈಗ ಕೇಳೋರು ನೀವು."

ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಅವಳು ಅವನ ಕೈಯಲ್ಲಿದ್ದ ಬೆಣೆಯನ್ನು ಹಲಗೆಗೆ ಒತ್ತಿ, "ಬಾಯಿ ಬೇಡ. ಇದು," ಎಂದಳು. ತನ್ನ ಜಾಗಕ್ಕೆ ಮರಳಿ ಅಂಗೈಯನ್ನು ಮರದ ಮೇಲಿಟ್ಟು ಕಾದಳು. ಒಂದು ತಟ್ಟು ಬರುವವರೆಗೂ ಮೋಟಾರು ಮುಟ್ಟಲಿಲ್ಲ.